ಸ್ಕಿರ್ಮಿಯಾನ್ ಇದೆ, ಆದರೆ ಟಿಇಎಂನಲ್ಲಿ ಕಾಣುತ್ತಿಲ್ಲ: ಏಕೆ?

ಪ್ರಶ್ನೆ: ಇರಿಡಿಯಂ–ಕೋಬಾಲ್ಟ್–ಪ್ಲಾಟಿನಂ ಬಹುಪದರ ಫಿಲ್ಮ್‌ನಲ್ಲಿ ಸ್ಕಿರ್ಮಿಯಾನ್‌ಗಳು (ಕಾಂತತ್ವದ ಅತಿ ಸಣ್ಣ ಸುಳಿಗಳು) ಇರುವುದು ಬೇರೆ ಅಳತೆಗಳಿಂದ ಖಚಿತವಾಗಿದೆ. ಟಿಇಎಂನಲ್ಲಿ (ತೆಳು ಸ್ಯಾಂಪಲ್ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸುವ ಸೂಕ್ಷ್ಮದರ್ಶಕ) ಎಷ್ಟು ಡಿಫೋಕಸ್ ಮಾಡಿದರೂ, ಅಂದರೆ ಫೋಕಸ್ ತಪ್ಪಿಸಿದರೂ, ಬರೀ ಬೂದು. ತಪ್ಪೆಲ್ಲಿದೆ?

ಉತ್ತರ: ಸ್ಯಾಂಪಲ್ಲನ್ನು ಓರೆ ಮಾಡಿದ್ದೀರಾ? ಇಂಥ ಫಿಲ್ಮ್‌ಗಳಲ್ಲಿರುವುದು ಸಾಮಾನ್ಯವಾಗಿ ನೀಲ್ ಬಗೆಯ ಸ್ಕಿರ್ಮಿಯಾನ್. ಅದರ ಗೋಡೆಯಲ್ಲಿ, ಅಂದರೆ ಒಳಗಿನ ಮತ್ತು ಹೊರಗಿನ ವಿರುದ್ಧ ದಿಕ್ಕಿನ ಕಾಂತತ್ವಗಳ ನಡುವಿನ ಅಂಚಿನಲ್ಲಿ, ಕಾಂತತ್ವ ಕೇಂದ್ರದಿಂದ ಹೊರಕ್ಕೋ ಒಳಕ್ಕೋ ಮುಖ ಮಾಡಿರುತ್ತದೆ. ಲೊರೆಂಟ್ಸ್ ಬಲ (ಚಲಿಸುವ ಎಲೆಕ್ಟ್ರಾನ್ ಮೇಲೆ ಕಾಂತಕ್ಷೇತ್ರ ಹಾಕುವ ಬಲ) ಇದಕ್ಕೆ ಅಡ್ಡಲಾಗಿ ಕೆಲಸ ಮಾಡುವುದರಿಂದ ಎಲೆಕ್ಟ್ರಾನ್‌ಗಳು ಗೋಡೆಯ ಉದ್ದಕ್ಕೇ ಸರಿಯುತ್ತವೆ. ಒಂದೆಡೆ ಗುಂಪಾಗುವುದೂ ಇಲ್ಲ, ಇನ್ನೊಂದೆಡೆ ಕಡಿಮೆಯಾಗುವುದೂ ಇಲ್ಲ. ಮೇಲ್ಮುಖ, ಕೆಳಮುಖ ಡೊಮೇನ್‌ಗಳ (ಒಂದೇ ದಿಕ್ಕಿನ ಕಾಂತತ್ವವಿರುವ ಪ್ರದೇಶಗಳ) ಕಾಂತತ್ವವೋ ಕಿರಣಕ್ಕೆ ಸಮಾಂತರ. ಅಲ್ಲಿ ಬಲವೇ ಇಲ್ಲ.

20ರಿಂದ 30 ಡಿಗ್ರಿ ಓರೆ ಮಾಡಿದಾಗ ಲಂಬ ಕಾಂತತ್ವದ ಒಂದು ಪಾಲು ಕಿರಣಕ್ಕೆ ಅಡ್ಡ ಬರುತ್ತದೆ. ಆಗ ಪ್ರತಿ ಸ್ಕಿರ್ಮಿಯಾನ್ ಒಂದು ಬಿಳಿ, ಒಂದು ಕಪ್ಪು ಅರ್ಧವಾಗಿ ಕಾಣುತ್ತದೆ. ಈ ಜೋಡಿ ಓರೆಯ ಅಕ್ಷದ ಉದ್ದಕ್ಕೆ ಸಾಲಾಗಿರಬೇಕು. ಓರೆಯನ್ನು ವಿರುದ್ಧ ದಿಕ್ಕಿಗೆ ಮಾಡಿದರೂ, ಡಿಫೋಕಸ್‌ನ ಚಿಹ್ನೆ ಬದಲಿಸಿದರೂ ಬಿಳಿ–ಕಪ್ಪು ಅದಲುಬದಲಾಗಬೇಕು. ಈ ಎರಡೂ ಪರೀಕ್ಷೆಗಳನ್ನು ದಾಟದ ಚುಕ್ಕೆಯನ್ನು ಸ್ಕಿರ್ಮಿಯಾನ್ ಎಂದು ಬರೆಯಬೇಡಿ. ಹರಳುಕಣಗಳ ವಿವರ್ತನೆಯೂ ಅಂಥದೇ ಚುಕ್ಕೆ ಕೊಡುತ್ತದೆ.

ಇನ್ನು ಸಂಕೇತದ ಬಲ. 1 ನ್ಯಾನೋಮೀಟರ್ ಕೋಬಾಲ್ಟ್ 10 ಪದರಗಳಿದ್ದರೆ, 300 ಕಿಲೋವೋಲ್ಟ್‌ನಲ್ಲಿ, 30 ಡಿಗ್ರಿ ಓರೆಯಲ್ಲಿ ಕಿರಣ ಬಾಗುವುದು ಹೆಚ್ಚೆಂದರೆ ಸುಮಾರು 5 ಮೈಕ್ರೋರೇಡಿಯನ್. ಹರಳಿನ ವಿವರ್ತನೆಯಿಂದ ಕಿರಣ ಬಾಗುವ ಬ್ರ್ಯಾಗ್ ಕೋನಗಳು ಮಿಲಿರೇಡಿಯನ್‌ಗಳಲ್ಲಿರುತ್ತವೆ ಎಂಬುದನ್ನು ನೆನೆದರೆ ಇದು ಎಷ್ಟು ಸಣ್ಣದೆಂದು ತಿಳಿಯುತ್ತದೆ. 2 ಮಿಲಿಮೀಟರ್ ಡಿಫೋಕಸ್‌ನಲ್ಲಿ ಎಲೆಕ್ಟ್ರಾನ್ ಸರಿಯುವುದು ಬರೀ 10 ನ್ಯಾನೋಮೀಟರ್. ಕಿರಣದ ಹರಡುವಿಕೆಯ ಕೋನ ಆ 5 ಮೈಕ್ರೋರೇಡಿಯನ್‌ಗಿಂತ ದೊಡ್ಡದಾದರೆ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಫೀಲ್ಡ್ ಎಮಿಷನ್ ಗನ್ (ಅತಿ ಸಣ್ಣ ತುದಿಯಿಂದ ಎಲೆಕ್ಟ್ರಾನ್ ಹೊಮ್ಮಿಸುವ ಮೂಲ), ಚಿಕ್ಕ ಕಂಡೆನ್ಸರ್ ಅಪರ್ಚರ್ (ಸ್ಯಾಂಪಲ್‌ಗೆ ಬರುವ ಕಿರಣವನ್ನು ಮಿತಿಗೊಳಿಸುವ ರಂಧ್ರ), ಸ್ಯಾಂಪಲ್ ಮೇಲೆ ಅಗಲವಾಗಿ ಹರಡಿದ ಕಿರಣ, ದೀರ್ಘ ಎಕ್ಸ್‌ಪೋಷರ್ ಬೇಕು. ಡಿಫೋಕಸ್ ಹೆಚ್ಚಿಸುತ್ತಾ ಹೋದರೆ ಕಾಂಟ್ರಾಸ್ಟ್ ಏರುತ್ತದೆ, ಜೊತೆಗೆ ಚಿತ್ರವೂ ಊದಿಕೊಳ್ಳುತ್ತದೆ. ಆ ಚಿತ್ರದಿಂದ ವ್ಯಾಸ ಅಳೆಯಬೇಡಿ.

ಆಬ್ಜೆಕ್ಟಿವ್ ಮಸೂರ ಆನ್ ಇದ್ದರೆ ಇದೆಲ್ಲ ವ್ಯರ್ಥ. ಅದರ ಸುಮಾರು 2 ಟೆಸ್ಲಾ ಕ್ಷೇತ್ರ ಸ್ಕಿರ್ಮಿಯಾನ್‌ಗಳನ್ನು ಅಳಿಸಿಹಾಕುತ್ತದೆ. ಸ್ಯಾಂಪಲ್ ಒಳಹಾಕುವ ಮೊದಲೇ ಲೊರೆಂಟ್ಸ್ ಮೋಡ್‌ಗೆ (ಆ ಮಸೂರವನ್ನು ಆರಿಸಿ ಚಿತ್ರ ತೆಗೆಯುವ ವಿಧಾನಕ್ಕೆ) ಬನ್ನಿ. ಬೇಕಾದ ಕ್ಷೇತ್ರವನ್ನು ಅದೇ ಮಸೂರವನ್ನು ತುಸು ಉದ್ದೀಪಿಸಿ ಕೊಡಬಹುದು. ಆದರೆ ಅದು ಕಿರಣದ ದಿಕ್ಕಿನಲ್ಲಿರುತ್ತದೆ. 30 ಡಿಗ್ರಿ ಓರೆಯಲ್ಲಿ 100 ಮಿಲಿಟೆಸ್ಲಾ ಕೊಟ್ಟರೆ ಫಿಲ್ಮ್‌ಗೆ ಲಂಬವಾಗಿ 87, ಅದರ ಸಮತಲದಲ್ಲಿ 50 ಬೀಳುತ್ತದೆ. ದುಂಡಗಿರಬೇಕಾದದ್ದು ಉದ್ದುದ್ದ ಕಂಡರೆ ಮೊದಲು ಈ 50ನ್ನು ಅನುಮಾನಿಸಿ.

ಫಿಲ್ಮನ್ನು ತೆಳು ಸಿಲಿಕಾನ್ ನೈಟ್ರೈಡ್ ಕಿಟಕಿಯ ಮೇಲೆ ನೇರವಾಗಿ ಸ್ಪಟರ್ ಮಾಡುವುದೇ (ಲೋಹದ ಪರಮಾಣುಗಳನ್ನು ಸಿಡಿಸಿ ಪದರ ಕೂರಿಸುವುದೇ) ಒಳ್ಳೆಯದು. ಗ್ಯಾಲಿಯಂ ಅಯಾನು ಕಿರಣದಿಂದ ಕೆತ್ತಿ ತೆಗೆದರೆ ಪದರಗಳ ಅಂಚುಗಳು ಬೆರೆತು, ಕಾಂತತ್ವವನ್ನು ಲಂಬವಾಗಿ ನಿಲ್ಲಿಸುವ ಗುಣವೇ ಹೋಗಬಹುದು.