ಕಾರೇ ತಕ್ಕಡಿ, ಗಡಿಯಾರವೇ ಬೊಟ್ಟು

ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರದ ಹೆಸರು ಡೈನಮೋಮೀಟರ್, ಬಾಯಿಮಾತಿನಲ್ಲಿ ಡೈನೋ. ಕಾರನ್ನು ದಪ್ಪ ಉರುಳೆಗಳ ಮೇಲೆ ಹತ್ತಿಸಿ, ಕಟ್ಟಿಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಎಂಜಿನ್ ಅರಚುತ್ತದೆ, ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ನೋಡುವವರಿಗೆ ಏನೋ ದೊಡ್ಡ ವಿದ್ಯೆ ಅನ್ನಿಸುತ್ತದೆ. ಆದರೆ ಎಷ್ಟೋ ಡೈನೋಗಳು ಮಾಡುವ ಕೆಲಸ ಇಷ್ಟೇ: ಭಾರ ಗೊತ್ತಿರುವ ಉರುಳೆ ಇಷ್ಟು ವೇಗ ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕುವುದು.

ಭಾರವಾದ ವಸ್ತು ನಮ್ಮ ಹತ್ತಿರವೂ ಇದೆ, ಅಲ್ವಾ? ಕಾರೇ ಇದೆ.

ಓಡುವ ವಸ್ತುವಿನಲ್ಲಿ ಇರುವ ಚಲನಶಕ್ತಿ ಅದರ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ತೂಕ ಕಿಲೋದಲ್ಲಿ, ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ ಇರಬೇಕು. ಆ ಶಕ್ತಿ ಎಷ್ಟು ಹೆಚ್ಚಾಯಿತು ಎಂಬುದನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. 746 ವ್ಯಾಟ್ ಅಂದರೆ ಒಂದು ಅಶ್ವಶಕ್ತಿ.

ಒಳಗೆ ಕೂತವರೂ ಸೇರಿ 1,100 ಕಿಲೋ ತೂಗುವ ಕಾರು ಎಂದುಕೊಳ್ಳಿ. ಮೂರನೇ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಗಂಟೆಗೆ 60ರಿಂದ 80 ಕಿ.ಮೀ. ವೇಗಕ್ಕೆ ಏರಲು 4 ಸೆಕೆಂಡ್ ಹಿಡಿಯಿತು. ಚಲನಶಕ್ತಿ ಏರಿದ್ದು ಸುಮಾರು 1,19,000 ಜೂಲ್. ನಾಲ್ಕರಿಂದ ಭಾಗಿಸಿದರೆ 30 ಕಿಲೋವ್ಯಾಟ್, ಅಂದರೆ 40 ಅಶ್ವಶಕ್ತಿ.

ಇಷ್ಟಕ್ಕೇ ನಿಲ್ಲಿಸಿದರೆ ಎಂಜಿನ್ನಿಗೆ ಅನ್ಯಾಯ. ಅದು ಕಾರಿನ ವೇಗ ಏರಿಸುವುದರ ಜೊತೆಗೆ ಎದುರಿನ ಗಾಳಿಯನ್ನೂ ತಳ್ಳುತ್ತಿತ್ತು, ಟೈರುಗಳನ್ನೂ ಉರುಳಿಸುತ್ತಿತ್ತು. ಆ ಖರ್ಚನ್ನು ಹಿಡಿಯುವ ಉಪಾಯ ನನಗೆ ಇಡೀ ಲೆಕ್ಕದಲ್ಲೇ ಬಹಳ ಇಷ್ಟ. ವೇಗ 80 ದಾಟಿದ ಮೇಲೆ ನ್ಯೂಟ್ರಲ್‌ಗೆ ಹಾಕಿ ಕಾರನ್ನು ಸುಮ್ನೆ ಬಿಟ್ಟುಬಿಡಿ. ಅದು ತಾನಾಗಿಯೇ 80ರಿಂದ 60ಕ್ಕೆ ಇಳಿಯುತ್ತದೆ. ಅದಕ್ಕೆ 20 ಸೆಕೆಂಡ್ ಹಿಡಿದರೆ, ಅದೇ 1,19,000 ಜೂಲ್ ಅನ್ನು ಗಾಳಿ ಮತ್ತು ರಸ್ತೆ ಸೇರಿ 20 ಸೆಕೆಂಡಿನಲ್ಲಿ ತಿಂದವು ಎಂದಾಯಿತು. ಸುಮಾರು 6 ಕಿಲೋವ್ಯಾಟ್, 8 ಅಶ್ವಶಕ್ತಿ. ಕಾರಿನ ಆಕಾರ ಬೇಡ, ಟೈರಿನ ಗುಣ ಬೇಡ, ಗಾಳಿಯ ಸಾಂದ್ರತೆಯೂ ಬೇಡ. ಎಲ್ಲವೂ ಆ 20 ಸೆಕೆಂಡಿನೊಳಗೇ ಸೇರಿಕೊಂಡಿವೆ. ಈಗ ಒಟ್ಟು 48.

ವೇಗ ಏರುವಾಗ ಚಕ್ರ, ಫ್ಲೈವೀಲ್, ಗೇರುಗಳೂ ಜೋರಾಗಿ ತಿರುಗಬೇಕಲ್ಲ. ಅದಕ್ಕೆ ಮೂರನೇ ಗೇರಿನಲ್ಲಿ ತೂಕದ ಮೇಲೆ ಶೇಕಡ 5ರಷ್ಟು ಸೇರಿಸಿಕೊಂಡರೆ ಚಕ್ರದ ಬಳಿ 50 ಅಶ್ವಶಕ್ತಿ. ಎಂಜಿನ್ನಿನಿಂದ ಚಕ್ರಕ್ಕೆ ಬರುವ ದಾರಿಯಲ್ಲಿ ಶೇಕಡ 10ರಿಂದ 15ರಷ್ಟು ಸೋರಿಹೋಗುತ್ತದೆ. ಹಾಗಾಗಿ ಎಂಜಿನ್ ಕೊಟ್ಟದ್ದು 57ರ ಆಸುಪಾಸು.

ಇಂಥ ಕಾರಿಗೆ ಕಂಪನಿ 80 ಅಶ್ವಶಕ್ತಿ ಎಂದು ಬರೆದಿತ್ತಲ್ಲ, ಮೋಸವೇ ಎಂದು ಸಿಟ್ಟಾಗಬೇಡಿ. ಕಂಪನಿಯ ಅಂಕಿ ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವ ಸುತ್ತಿನದು. ಪೆಟ್ರೋಲ್ ಕಾರುಗಳಲ್ಲಿ ಅದು ಹೆಚ್ಚಾಗಿ 6,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 6,000 ಸುತ್ತಿನ ಆಸುಪಾಸು. ಮೂರನೇ ಗೇರಿನಲ್ಲಿ 70ರ ವೇಗ ಅಂದರೆ ಅದಕ್ಕಿಂತ ತುಂಬ ಕೆಳಗೆ. ಎರಡನೇ ಗೇರಿನಲ್ಲಿ ಮಾಡಿದರೆ ವೇಗ ಜಾಸ್ತಿ ಮಾಡದೆಯೇ ಆ ಸುತ್ತಿನ ಹತ್ತಿರ ಹೋಗಬಹುದು. ಆದರೆ ತಿರುಗುವ ಭಾಗಗಳಿಗೆ ಸೇರಿಸುವ ಪಾಲನ್ನು ಆಗ ಇನ್ನಷ್ಟು ಏರಿಸಬೇಕು.

ತಪ್ಪುಗಳು ನುಸುಳುವ ಜಾಗಗಳೂ ಇವೆ. ಸ್ಪೀಡೋಮೀಟರ್‌ಗಳು ಸಾಮಾನ್ಯವಾಗಿ ಇರುವುದಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ. ವೇಗದ ವರ್ಗ ಮಾಡುವುದರಿಂದ ಅಲ್ಲಿಯ ಶೇಕಡ 5ರ ತಪ್ಪು ಉತ್ತರದಲ್ಲಿ ಶೇಕಡ 10 ಆಗುತ್ತದೆ. ಹಾಗಾಗಿ ಒಂದೇ ವೇಗದಲ್ಲಿ ಓಡಿಸುತ್ತಾ ಮೊದಲು ಫೋನಿನ ಜಿಪಿಎಸ್ ಜೊತೆ ತಾಳೆ ನೋಡಿ. ಇಳಿಜಾರು ಇನ್ನೂ ಕಳ್ಳ. ನೂರು ಮೀಟರಿಗೆ ಒಂದು ಮೀಟರ್ ಏರಿದರೆ ಕಣ್ಣಿಗೆ ಕಾಣಿಸುವುದೇ ಇಲ್ಲ, ಆದರೆ 70ರ ವೇಗದಲ್ಲಿ ಈ ಕಾರಿನಿಂದ ಅದು 3 ಅಶ್ವಶಕ್ತಿ ಕಸಿಯುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆದರೆ ಇಳಿಜಾರಿನ ಆಟ ಮುಗಿಯಿತು. ಸ್ಟಾಪ್‌ವಾಚ್ ಒತ್ತುವ ಬೆರಳನ್ನಂತೂ ನಂಬಲೇಬೇಡಿ. ಪಕ್ಕದಲ್ಲಿ ಕೂತವರು ಡ್ಯಾಶ್‌ಬೋರ್ಡಿನ ವಿಡಿಯೋ ಮಾಡಲಿ. ಸೆಕೆಂಡಿಗೆ 30 ಚಿತ್ರ ಸಿಗುತ್ತವೆ, ಆಮೇಲೆ ಎಣಿಸಿದರಾಯಿತು. ಇದೆಲ್ಲ ಜನರ ಓಡಾಟವಿಲ್ಲದ, ಮುಚ್ಚಿದ, ನೇರ ರಸ್ತೆಯಲ್ಲಿ ಮಾತ್ರ.

ಒಮ್ಮೆ ಕೈಗೆ ಹತ್ತಿದರೆ ಪ್ರಯೋಗಗಳಿಗೆ ಕೊನೆಯಿಲ್ಲ. ಎಲ್ಲರೂ ಮೊದಲು ಮಾಡುವುದು ಏಸಿ ಹಾಕಿ ಒಮ್ಮೆ, ಆರಿಸಿ ಒಮ್ಮೆ ಅಳೆಯುವುದು. ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ಅಳತೆ ಕೆಟ್ಟಿರುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಕಾರಿನ ಕಂಪ್ಯೂಟರ್ ಏಸಿ ಕಂಪ್ರೆಸರನ್ನು ಕೆಲವು ಸೆಕೆಂಡ್ ತಾನೇ ಆರಿಸಿಬಿಟ್ಟಿರುತ್ತದೆ.