ಮಳೆಗಾಲದಲ್ಲಿ ಅಜ್ಜಿಯನ್ನು ನೋಡುವವರು ಯಾರು? – ಸಮುದಾಯದ ಆಸರೆ ಬಗ್ಗೆ ಟಿಪ್ಪಣಿ

'ಸಮುದಾಯ ಆಧಾರಿತ ಆಸರೆ' ಅಂದ್ರೆ ಹಿರಿಯರನ್ನು ಅವರ ಮನೆಯಿಂದ ಎಬ್ಬಿಸದೆ, ಊರಿನವರೂ ಸರ್ಕಾರದ ವ್ಯವಸ್ಥೆಯೂ ಸೇರಿ ನೋಡಿಕೊಳ್ಳುವುದು. ನೆರೆಯವರು ಹೇಗೂ ನೋಡ್ತಾರೆ ಅಂತ ಸುಮ್ನೆ ಬಿಟ್ಟುಬಿಡುವುದಲ್ಲ. ಯಾರು, ಯಾವಾಗ ಅನ್ನುವುದು ಗೊತ್ತಾಗಿರಬೇಕು.

ಶಿರಸಿ ಕಡೆಯ ಒಂದು ಮನೆ ಅಂದುಕೊಳ್ಳಿ. ತೋಟದಂಚಿನಲ್ಲಿ ಅಜ್ಜಿ ಒಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಕೊಯ್ಲಿನ ಕಾಲದಲ್ಲಿ ಚಿಂತೆ ಕಡಿಮೆ, ಯಾಕಂದ್ರೆ ಅಡಿಕೆ ಸುಲಿಯೋಕೆ ನಾಲ್ಕು ಜನ ಸೇರುತ್ತಾರೆ, ಅಜ್ಜಿಯೂ ಮೆಟ್ಟುಗತ್ತಿ ಹಿಡಿದು ಅವರ ಜೊತೆ ಕೂರುತ್ತಾರೆ, ಮಾತುಕತೆ ನಡೆಯುತ್ತದೆ, ಒಂದು ದಿನ ಬರದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಜೂನ್ ಬಂತು ಅಂದ್ರೆ ಇದೆಲ್ಲ ನಿಂತುಹೋಗುತ್ತದೆ. ಹಳ್ಳ ತುಂಬಿ ಕಾಲುಸಂಕ ದಾಟೋದು ಕಷ್ಟ, ಕರೆಂಟು ಇಲ್ಲ, ಫೋನೂ ಸಿಗಲ್ಲ. ಹಿರಿಯರ ಸಹಾಯವಾಣಿ 14567 ಇದೆ, ನಿಜ. ನೆಟ್‌ವರ್ಕೇ ಇಲ್ಲದ ಕಡೆ ನಂಬರ್ ಏನು ಮಾಡೀತು?

ಅದಕ್ಕೇ ದಿನಾ ಹೇಗೂ ನಡೆಯುವ ಕೆಲಸಕ್ಕೆ ಈ ಆಸರೆಯನ್ನು ಹೊಂದಿಸಬೇಕು ಅಂತ ನನಗನಿಸುತ್ತದೆ. ಹಾಲಿನ ಡೈರಿಯನ್ನೇ ನೋಡಿ. ಆ ದಾರಿಯಲ್ಲಿ ಹಾಲು ಹಾಕೋಕೆ ಹೋಗುವವರು ಬೆಳಿಗ್ಗೆ ಒಮ್ಮೆ ಅಂಗಳದಿಂದ ಕೂಗಿದರೂ ಸಾಕು. ಉತ್ತರ ಬರದಿದ್ದರೆ ಒಳಗೆ ಹೋಗಿ ನೋಡುವುದು, ಆಶಾ ಕಾರ್ಯಕರ್ತೆಗೆ ಹೇಳುವುದು. ಬಿಪಿ, ಶುಗರ್ ಮಾತ್ರೆ ಮಳೆ ಹಿಡಿಯುವ ಮೊದಲೇ ತಂದಿಡಬೇಕು. ಕೇರಳದ ಉಪಶಾಮಕ ಆರೈಕೆ (ದೊಡ್ಡ ಕಾಯಿಲೆ ಇರುವವರ ನೋವು, ಸಂಕಟ ತಗ್ಗಿಸುವ ಆರೈಕೆ) ಇದನ್ನೇ ದೊಡ್ಡದಾಗಿ ಮಾಡಿತು: ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ನರ್ಸ್ ಜೊತೆ ಮನೆಮನೆಗೆ ಕಳಿಸಿದರು. 2008ರಲ್ಲಿ ಅದು ಸರ್ಕಾರದ ನೀತಿಯೂ ಆಯಿತು.

ಹಣದ ವಿಷಯ ಬೇಗ ಹೇಳಿಬಿಡ್ತೀನಿ. ನಮ್ಮಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ 65 ದಾಟಿದ, ಆದಾಯ ಕಡಿಮೆ ಇರುವವರಿಗೆ, ತಿಂಗಳಿಗೆ 1,200 ರೂಪಾಯಿ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಾಸ್ತಿ ಜನ ಗಮನಿಸದ ಒಂದು ಮಾತಿದೆ. ಮಕ್ಕಳಿಂದ ಜೀವನಾಂಶ ಕೇಳಲು ಹಿರಿಯರಿಗೆ ತಾವೇ ಓಡಾಡೋಕೆ ಆಗದಿದ್ದರೆ, ಅವರು ಒಪ್ಪಿ ಸೂಚಿಸಿದ ಬೇರೆಯವರು ಅಥವಾ ಒಂದು ಸಂಸ್ಥೆ ಅವರ ಪರವಾಗಿ ಅರ್ಜಿ ಹಾಕಬಹುದು. ಅಂದ್ರೆ ನೆರೆಮನೆಯವರಿಗೂ ಕಾನೂನಿನಲ್ಲಿ ಜಾಗ ಇದೆ, ಅಲ್ವಾ?

ಆದರೆ 'ಮಗ ನೋಡಲ್ಲ ಅಂತ ಊರಿಗೆಲ್ಲ ಗೊತ್ತಾಗತ್ತೆ' ಅಂತ ಎಷ್ಟೋ ಹಿರಿಯರು ಬಾಯಿ ಬಿಡುವುದಿಲ್ಲ. ಅವರ ಮುಂದೆ ಅರ್ಜಿ ಹಿಡಿದು ಕೂರುವ ಮೊದಲು ನಾಲ್ಕು ದಿನ ಸುಮ್ನೆ ಹೋಗಿ ಜಗಲಿಯಲ್ಲಿ ಕೂತು ಬನ್ನಿ.