ಪ್ರಾಸ್ಟೇಟ್ ಚಿಕಿತ್ಸೆ ಆದ ಮೇಲೆ "ಶಕ್ತಿ ಹೋಗುತ್ತಾ?": ಯುರಾಲಜಿ ಪೋಸ್ಟಿಂಗ್ ಟಿಪ್ಪಣಿ

ಮೊದಲು ಇದು ತಲೆಯಲ್ಲಿರಲಿ. ಆಸೆ ಬೇರೆ, ನಿಮಿರುವಿಕೆ ಬೇರೆ, ವೀರ್ಯ ಹೊರಗೆ ಬರುವುದು ಬೇರೆ. ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಊತಕ್ಕೆ ಮಾಡುವ ಚಿಕಿತ್ಸೆಯಿಂದ ಹೆಚ್ಚಾಗಿ ಏರುಪೇರಾಗುವುದು ಮೂರನೆಯದು. ರೋಗಿಗಳು ಮೂರನ್ನೂ ಸೇರಿಸಿ "ಶಕ್ತಿ" ಅನ್ನುತ್ತಾರೆ. ನಾವೂ ಸೇರಿಸಿಯೇ ಉತ್ತರ ಕೊಟ್ಟರೆ ಸುಮ್ನೆ ಭಯ ಜಾಸ್ತಿ ಆಗುತ್ತೆ, ಅಲ್ವಾ?

ನಿಮಿರುವಿಕೆಯ ನರಗಳು ಪ್ರಾಸ್ಟೇಟ್ ಕವಚದ ಹೊರಗೆ, ಹಿಂಬದಿಯ ಎರಡೂ ಪಕ್ಕದಲ್ಲಿ ಹಾದುಹೋಗುತ್ತವೆ. ಊತದ ಚಿಕಿತ್ಸೆ ನಡೆಯುವುದು ಕವಚದ ಒಳಗೆ. ಹಾಗಾಗಿ ನಿಮಿರುವಿಕೆ ಸಾಮಾನ್ಯವಾಗಿ ಮೊದಲಿನಂತೆಯೇ ಇರುತ್ತದೆ. ಕ್ಯಾನ್ಸರ್‌ಗೆ ಇಡೀ ಗ್ರಂಥಿ ತೆಗೆಯುವ ಆಪರೇಷನ್ನೇ ಬೇರೆ, ಅಲ್ಲಿ ನರಕ್ಕೆ ಪೆಟ್ಟು ಬೀಳಬಹುದು. ಇವೆರಡನ್ನೂ ಜನ ಒಂದೇ ಅಂದುಕೊಂಡಿರುತ್ತಾರೆ.

ವೀರ್ಯದ ವಿಷಯ ಹಾಗಲ್ಲ. ಊತಕ್ಕೆ ಮೂತ್ರನಾಳದ ಮೂಲಕ ಮಾಡುವ ಆಪರೇಷನ್ ಆದ ಟಿಯುಆರ್‌ಪಿಯಲ್ಲಿ ಮೂತ್ರಕೋಶದ ಕತ್ತಿನ ತನಕ ಬೆಳೆದ ಮಾಂಸವನ್ನು ಕೆರೆದು ತೆಗೆಯುತ್ತಾರೆ. ಆಮೇಲೆ ಸ್ಖಲನದ ಹೊತ್ತಿಗೆ ಆ ಕತ್ತು ಬಿಗಿಯಾಗಿ ಮುಚ್ಚುವುದಿಲ್ಲ. ವೀರ್ಯ ಹಿಂದಕ್ಕೆ ಮೂತ್ರಕೋಶ ಸೇರಿ, ಒಂದಕ್ಕೆ ಹೋದಾಗ ಹೊರಬೀಳುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಹೀಗಾಗುತ್ತದೆ. ದೇಹಕ್ಕೆ ಅಪಾಯವಿಲ್ಲ, ಸುಖವೂ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಮಗು ಬೇಕು ಅನ್ನುವವರಿಗೆ ಇದು ದೊಡ್ಡ ವಿಷಯ.

ಹೊಸ ಸಣ್ಣ ಚಿಕಿತ್ಸೆಗಳಲ್ಲಿ ಕತ್ತನ್ನು ಹಾಗೆ ಕೆರೆಯುವುದಿಲ್ಲ. ಯುರೋಲಿಫ್ಟ್‌ನಲ್ಲಿ ಬೆಳೆದ ಭಾಗವನ್ನು ಪುಟ್ಟ ಕ್ಲಿಪ್‌ಗಳಿಂದ ಪಕ್ಕಕ್ಕೆಳೆದು ಕಟ್ಟುತ್ತಾರೆ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. 206 ಜನರ ಮೇಲೆ ನಡೆದ ಲಿಫ್ಟ್ ಎಂಬ ಅಧ್ಯಯನದಲ್ಲಿ ಇದರಿಂದ ಹೊಸದಾಗಿ ಶಾಶ್ವತ ಲೈಂಗಿಕ ತೊಂದರೆ ಯಾರಿಗೂ ಕಾಣಲಿಲ್ಲ. ರೆಝೂಮ್‌ನಲ್ಲಿ ಒಂದೊಂದು ಜಾಗಕ್ಕೆ 9 ಸೆಕೆಂಡ್ ಬಿಸಿ ಹಬೆ ಬಿಡುತ್ತಾರೆ, ಆ ಮಾಂಸ ವಾರಗಟ್ಟಲೆ ನಿಧಾನಕ್ಕೆ ಕುಗ್ಗುತ್ತದೆ. ಇಲ್ಲೂ ವೀರ್ಯದ ತೊಂದರೆ ಕೆಲವರಿಗಷ್ಟೇ. ಶುರುವಿನಲ್ಲಿ ವೀರ್ಯದಲ್ಲಿ ರಕ್ತ ಕಾಣಬಹುದು, ಮೊದಲೇ ಹೇಳಿಡಿ. ಇಷ್ಟಾದರೂ ಮೂತ್ರದ ಹರಿವು ಟಿಯುಆರ್‌ಪಿಯಷ್ಟು ಸುಧಾರಿಸುವುದಿಲ್ಲ. ಅದೇ ಲಿಫ್ಟ್ ಅಧ್ಯಯನದಲ್ಲಿ ಯುರೋಲಿಫ್ಟ್ ಆದವರಲ್ಲಿ ಸುಮಾರು 13.6% ಜನರಿಗೆ 5 ವರ್ಷದೊಳಗೆ ಮತ್ತೆ ಚಿಕಿತ್ಸೆ ಬೇಕಾಯಿತು. ಇದನ್ನು ಮುಚ್ಚಿಟ್ಟು ಬರೀ ಲಾಭ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕೇಳುವ ರೀತಿ. ಮಂಡ್ಯ ಕಡೆಯ ಹಿರಿಯರು ಮಗನ ಜೊತೆ ಮೈಸೂರಿಗೆ ಬರುತ್ತಾರೆ. ಮಗ ಪಕ್ಕದಲ್ಲಿದ್ದರೆ ಬಾಯಿ ಬಿಡುವುದಿಲ್ಲ. ಮಗ ಬಿಲ್ ಕಟ್ಟಲು ಹೋದಾಗ ಮೆಲ್ಲಗೆ, "ಡಾಕ್ಟ್ರೇ, ಇದಾದ್ಮೇಲೆ ಮನೆಯವ್ರ ಜೊತೆ ಇರಕ್ಕಾಯ್ತದಾ?" ಅಂತಾರೆ. "ಆಯ್ತದೆ ಯಜಮಾನ್ರೇ. ವೀರ್ಯ ಮಾತ್ರ ಕಮ್ಮಿ ಆಗಬಹುದು, ಗಾಬರಿ ಬೇಡಿ" ಅನ್ನಿ. ಎಪ್ಪತ್ತು ದಾಟಿದವರಿಗೆ ಇದೆಲ್ಲ ಯಾಕೆ ಅಂತ ನಾವೇ ತೀರ್ಮಾನಿಸಬಾರದು.

ಚಿಕಿತ್ಸೆಗೆ ಮೊದಲೇ ನಿಮಿರುವಿಕೆ ಅಳೆಯುವ ಐಐಇಎಫ್-5 ಪಟ್ಟಿಯ ಐದು ಪ್ರಶ್ನೆ ಕೇಳಿ, ಅಂಕ ಕೇಸ್ ಶೀಟ್‌ನಲ್ಲಿ ಬರೆಯಿರಿ. 25ಕ್ಕೆ 22 ಅಥವಾ ಮೇಲಿದ್ದರೆ ಸರಿ. ಶುಗರ್, ಬಿಪಿ ಇರುವವರಲ್ಲಿ ಎಷ್ಟೋ ಸಲ ಮೊದಲೇ ಕಮ್ಮಿ ಇರುತ್ತದೆ. ಪ್ರಾಸ್ಟೇಟ್ ಊತಕ್ಕೆ ಕೊಡುವ ಮಾತ್ರೆಗಳೂ ಕಾರಣ ಇರಬಹುದು, ಮಾತ್ರೆ ಚೀಟಿಯನ್ನೂ ನೋಡಿ. ಟ್ಯಾಮ್ಸುಲೋಸಿನ್, ಅದಕ್ಕಿಂತ ಜಾಸ್ತಿ ಸಿಲೊಡೋಸಿನ್, ವೀರ್ಯ ಕಮ್ಮಿ ಮಾಡುತ್ತವೆ, ನಿಲ್ಲಿಸಿದರೆ ಸರಿಹೋಗುತ್ತದೆ. ಫಿನಾಸ್ಟರೈಡ್ ಕೆಲವರಲ್ಲಿ ಆಸೆಯನ್ನೇ ತಗ್ಗಿಸುತ್ತದೆ. ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ ಅಂತಲೂ ಹೇಳಿ ಕಳಿಸಿ.